ವಾರಂಟಿ ಮುಗಿದ ಮೇಲೆ...

ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಮೊದಲು ಕೇಳುವ ಪ್ರಶ್ನೆ "ಏನಾಗೇತಿ?" ಅಂತಲ್ಲ, "ಗ್ಯಾರಂಟಿ ಐತೇನು?" ಅಂತ. ವಾರಂಟಿ ಬೇರೆ, ಗ್ಯಾರಂಟಿ ಬೇರೆ ಅಂತ ಕಾನೂನು ಓದಿದವರು ವಾದಿಸಬಹುದು. ಹುಕ್ಕೇರಿ ತಾಲೂಕಿನಲ್ಲಿ ಎರಡೂ ಒಂದೇ. "ಇಲ್ರಿ, ಹ್ವಾದ ತಿಂಗಳ ಮುಗೀತು" ಅಂದ ಕೂಡಲೇ ಸುತ್ತ ನಿಂತವರೆಲ್ಲ ಛೇ ಛೇ ಅಂತ ತಲೆ ಅಲ್ಲಾಡಿಸುತ್ತಾರೆ. ಮಾತನಾಡಿಸಲು ಬಂದವರ ಹಾಗೆ.

ನಾನು ಓದಿದ್ದು ನಿಡಸೋಸಿಯಲ್ಲಿ, ಈಗ ಹೊಟ್ಟೆಪಾಡು ಬೆಂಗಳೂರಿನಲ್ಲಿ. ಸಾಫ್ಟ್‌ವೇರ್ ಇಂಜಿನಿಯರ್ ಅಂದ ಮೇಲೆ ಪ್ರಿಂಟರ್ ರಿಪೇರಿ ಬರಲೇಬೇಕು ಅನ್ನುವುದು ನಮ್ಮ ಬಂಧುಬಳಗದ ಅಚಲ ನಂಬಿಕೆ :) ಹಾಗಾಗಿ ವರ್ಷಕ್ಕೆ ಹತ್ತಾರು ಸಲ ಫೋನು ಬರುತ್ತದೆ. ಹದಿಮೂರನೇ ತಿಂಗಳಿಗೆ ಸತ್ತ ಲ್ಯಾಪ್‌ಟಾಪು, ಮಳೆಗಾಲದಲ್ಲಿ ಸಿಡಿಲಿಗೆ ಹೋದ ರೂಟರು, "ಟಕ್ ಟಕ್" ಅನ್ನುವ ಹಾರ್ಡ್‌ಡಿಸ್ಕು. ಇವಕ್ಕೆಲ್ಲ ಉತ್ತರ ಹುಡುಕುತ್ತಾ ಹೋದಾಗ, ಈ ವಾರಂಟಿ ಮುಗಿದ ಮೇಲಿನ ಬದುಕಿಗೇ ಒಂದು ಇತಿಹಾಸ ಇದೆ ಅನ್ನುವುದು ಗೊತ್ತಾಯಿತು. ಅದರಲ್ಲಿ ದೊಡ್ಡದೊಂದು ಅಧ್ಯಾಯ ನಮ್ಮ ದೇಶದ್ದೇ. ಅದನ್ನು ಬರೆದಿಡೋಣ ಅಂತ ಈ ಬರಹ. ಸ್ವಲ್ಪ ಉದ್ದವಾಗಿದೆ, ಚಹಾ ಇಟ್ಟುಕೊಂಡು ಕೂರಿ.

ನಿಡಸೋಸಿ ಗೊತ್ತಿಲ್ಲದವರಿಗೆ ಎರಡು ಮಾತು. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಊರು, ಸಂಕೇಶ್ವರದ ಮಗ್ಗುಲಲ್ಲೇ ಇದೆ. ದುರದುಂಡೀಶ್ವರ ಮಠದಿಂದ ಹೆಸರಾದದ್ದು. 1996ರಲ್ಲಿ ಇಲ್ಲಿ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಸುತ್ತ ಎತ್ತ ನೋಡಿದರೂ ಕಬ್ಬು. ಕಟಾವು ಮುಗಿದ ಮೇಲೆ ರವದಿಗೆ ಬೆಂಕಿ ಹಚ್ಚಿದರೆ ಕರಿ ಬೂದಿ ಹಾರಿಬಂದು ಅಂಗಳ, ಅಟ್ಟ, ಕೊನೆಗೆ ಕಂಪ್ಯೂಟರಿನ ಫ್ಯಾನಿನ ಒಳಗೂ ಕೂರುತ್ತದೆ. ಯಾವ ಕಂಪನಿಯ ವಾರಂಟಿ ಕಾಗದದಲ್ಲೂ ರವದಿ ಬೂದಿಯ ಬಗ್ಗೆ ಒಂದಕ್ಷರ ನಾನು ಕಂಡಿಲ್ಲ.

ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ನಮ್ಮ ಕಡೆ ವಾರಂಟಿ ಇಲ್ಲದ ಬದುಕು ರೂಢಿಯಾಗಿತ್ತು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆರಂಭವಾಯಿತು. ದೇಶದಲ್ಲಿ ಪ್ರಯೋಗವಾಗಿ ಶುರುಮಾಡಿದ ಮೊದಲ ಬೆರಳೆಣಿಕೆಯ ಸಂಘಗಳಲ್ಲಿ ಇದೂ ಒಂದು. ರಾಜ್ಯದ ಉಳಿದ ಕಡೆ ವಿದ್ಯುತ್ ಮಂಡಳಿ ಕರೆಂಟು ಕೊಟ್ಟರೆ ಇಲ್ಲಿ ಸೊಸೈಟಿ. ಕರೆಂಟು ಬಂತು, ಬಾವಿಗೆ ಪಂಪ್‌ಸೆಟ್ ಬಂತು, ಅದರ ಹಿಂದೆಯೇ ಮೋಟಾರು ಸುಡುವುದೂ ಬಂತು. ಕಬ್ಬಿಗೆ ನೀರು ಬೇಕಾದಾಗ ಸುಟ್ಟ ಮೋಟಾರಿನ ಕಾಗದ ಹುಡುಕುತ್ತಾ ಯಾರೂ ಕೂರುವುದಿಲ್ಲ. ಟ್ರ್ಯಾಕ್ಟರಿನಲ್ಲೋ ಬೈಕಿನ ಹಿಂದೆಯೋ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ವೈಂಡಿಂಗ್ ಮಾಡುವವನು ಸುಟ್ಟ ಸುರುಳಿ ಬಿಚ್ಚುವಾಗಲೇ ಸುತ್ತು ಎಷ್ಟು ಅಂತ ಎಣಿಸಿ, ತಂತಿಯ ಗೇಜು ಅಳೆದು, ಒಂದು ಹಳೇ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಕಂಪನಿ ನಕ್ಷೆ ಕೊಡದಿದ್ದರೂ ಅವನಿಗೆ ಚಿಂತೆಯಿಲ್ಲ, ಕೆಟ್ಟ ಮೋಟಾರೇ ನಕ್ಷೆ. ಬೇಕಾದ ತಾಮ್ರದ ತಂತಿ ಪೇಟೆಯಲ್ಲಿ ಸಿಗುತ್ತದೆ. ಎರಡು ದಿನದಲ್ಲಿ ಮೋಟಾರು ಮತ್ತೆ ಬಾವಿಗೆ.

ಇದನ್ನು ಯಾಕೆ ಹೇಳಿದೆ ಅಂದರೆ, ವಾರಂಟಿ ಮುಗಿದ ವಸ್ತು ಬದುಕುವುದೋ ಸಾಯುವುದೋ ಅನ್ನುವುದು ಬಿಲ್ಲಿನ ಮೇಲಿನ ದಿನಾಂಕದಿಂದ ತೀರ್ಮಾನವಾಗುವುದಿಲ್ಲ. ನಕ್ಷೆ ಯಾರ ಕೈಲಿದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಅನ್ನುವುದರ ಮೇಲೆ ತೀರ್ಮಾನವಾಗುತ್ತದೆ. ಕಂಪ್ಯೂಟರಿಗೂ ಈ ಮಾತು ಒಪ್ಪುತ್ತಿದ್ದ ಕಾಲ ಒಂದಿತ್ತು.

ಆ ಕಾಲದಲ್ಲಿ ಕಂಪ್ಯೂಟರನ್ನು ಸಾಮಾನ್ಯವಾಗಿ ಯಾರೂ ಕೊಳ್ಳುತ್ತಿರಲಿಲ್ಲ. ಐಬಿಎಂ ಯಂತ್ರವನ್ನು ತಿಂಗಳ ಬಾಡಿಗೆಗೆ ಕೊಡುತ್ತಿತ್ತು. ಕೆಟ್ಟರೆ ಅದರ ಇಂಜಿನಿಯರೇ ಬಂದು ಸರಿಮಾಡುತ್ತಿದ್ದ. ಬಾಡಿಗೆ ಮನೆಯ ನಲ್ಲಿ ಸೋರಿದರೆ ಮಾಲೀಕನೇ ಸರಿಮಾಡಿಸಿದ ಹಾಗೆ. ವಾರಂಟಿ ಅನ್ನುವ ಮಾತೇ ಏಳುತ್ತಿರಲಿಲ್ಲ. ಆದರೆ ಇದು ಮಾಲೀಕನಿಗೆ ಎಷ್ಟು ಅನುಕೂಲ ಅನ್ನುವುದು ಅಮೆರಿಕದ ಸರ್ಕಾರಕ್ಕೆ ಗೊತ್ತಾಗಿ ಕೋರ್ಟಿಗೆ ಹೋಯಿತು. 1956ರ ಜನವರಿಯಲ್ಲಿ ಒಪ್ಪಂದದ ತೀರ್ಪು ಬಂತು. ಅದರ ಪ್ರಕಾರ ಐಬಿಎಂ ಯಂತ್ರಗಳನ್ನು ಬಾಡಿಗೆಗೆ ಮಾತ್ರವಲ್ಲ, ಕೊಳ್ಳುವವರಿಗೆ ಮಾರಲೂ ಬೇಕು. ಅಷ್ಟೇ ಅಲ್ಲ, ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿ ಕೊಡಬೇಕು. ಈಗ ನಾವು "ರೈಟ್ ಟು ರಿಪೇರ್" ಅಂತ ಹೊಸದಾಗಿ ಕೂಗುತ್ತಿರುವುದು ಎಪ್ಪತ್ತು ವರ್ಷದ ಹಿಂದೆಯೇ ಕಂಪ್ಯೂಟರ್ ಲೋಕದಲ್ಲಿ ಬಂದುಹೋಗಿತ್ತು!

ಐಬಿಎಂ ಭಾರತಕ್ಕೆ ಬಂದಿದ್ದು 1951ರಲ್ಲಿ. 1959ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 1401 ಅನ್ನುವ ಮಾದರಿ 1961ರಲ್ಲಿ ಮುಂಬಯಿಯ ಎಸ್ಸೋ ಕಂಪನಿಗೆ ಬಂತು. ಆಮೇಲೆ ಒಂದೊಂದಾಗಿ ದೇಶದ ದೊಡ್ಡ ಕಚೇರಿ, ಕಾರ್ಖಾನೆಗಳಿಗೆಲ್ಲ ಅದೇ ಮಾದರಿ. ಹೀಗೆ ಬಂದ ಯಂತ್ರಗಳಲ್ಲಿ ಬಹಳಷ್ಟು ಹೊರದೇಶಗಳಲ್ಲಿ ದುಡಿದು, ಮುಂಬಯಿಯ ಐಬಿಎಂ ಕಾರ್ಖಾನೆಯಲ್ಲಿ ಒಪ್ಪ ಮಾಡಿಸಿಕೊಂಡು ಬಾಡಿಗೆಗೆ ನಿಂತಂಥವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ಸುಮಾರಿಗೆ ಐಬಿಎಂ 360/44 ಬಂತು. ಅಂದರೆ ಈ ಹೊತ್ತಿಗೆ ಸಂಬಳದ ಲೆಕ್ಕದಿಂದ ಹಿಡಿದು ವಿಜ್ಞಾನದ ಸಂಶೋಧನೆಯವರೆಗೆ ಎಷ್ಟೋ ಕೆಲಸಗಳು ಒಂದೇ ಕಂಪನಿಯ ಯಂತ್ರಗಳ ಮೇಲೆ ನಿಂತಿದ್ದವು.

1973ರಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ಫೆರಾ ಬಂತು. ವಿದೇಶಿ ಕಂಪನಿಗಳು ಇಲ್ಲಿನ ಘಟಕದಲ್ಲಿ ತಮ್ಮ ಪಾಲನ್ನು ಸಾಮಾನ್ಯವಾಗಿ ಶೇ. 40ಕ್ಕೆ ಇಳಿಸಬೇಕು ಅಂತ. ಐಬಿಎಂ ಒಪ್ಪಲಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆದು, ಕೊನೆಗೆ ಜನತಾ ಸರ್ಕಾರದಲ್ಲಿ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ, 1978ರಲ್ಲಿ ಐಬಿಎಂ ಗಂಟುಮೂಟೆ ಕಟ್ಟಿತು. ಕೋಕಾ ಕೋಲಾ ಹೋದ ಕಥೆ ಎಲ್ಲರಿಗೂ ಗೊತ್ತು, ಯಾಕಂದರೆ ಅದನ್ನು ಎಲ್ಲರೂ ಕುಡಿಯುತ್ತಿದ್ದರು. ಕೋಲಾ ಹೋದರೆ ಬೇರೆ ಸೋಡಾ ಬರುತ್ತದೆ. ಕಂಪ್ಯೂಟರ್ ಕಂಪನಿ ಹೋದರೆ? ಯಂತ್ರಗಳು ಇಲ್ಲೇ ಇವೆ, ಮಾಡಿದವನು ಇಲ್ಲ! ಒಂದೇ ವರ್ಷದಲ್ಲಿ ಇಡೀ ದೇಶದ ಐಬಿಎಂ ಯಂತ್ರಗಳ ವಾರಂಟಿ ಮುಗಿಯಿತು ಅನ್ನಿ. ಅಷ್ಟು ಹೊತ್ತಿಗೆ 1401ರ ವಯಸ್ಸು ಎಷ್ಟು ಗೊತ್ತೇ? ಮಾದರಿ ಹೊರಬಂದು ಹತ್ತೊಂಬತ್ತು ವರ್ಷ. ಸ್ವತಃ ಐಬಿಎಂ 1971ರಲ್ಲೇ ಅದರ ಮಾರಾಟ ನಿಲ್ಲಿಸಿತ್ತು.

ಆಗ ಎಲ್ಲವೂ ನಿಂತುಹೋಗಬೇಕಿತ್ತು. ನಿಲ್ಲಲಿಲ್ಲ. ಇದಕ್ಕೆ ಕಾರಣ ಸರ್ಕಾರ ಮೊದಲೇ ಮಾಡಿಟ್ಟುಕೊಂಡಿದ್ದ ಒಂದು ಸಂಸ್ಥೆ. 1975ರ ಡಿಸೆಂಬರಿನಲ್ಲಿ ಕಂಪ್ಯೂಟರ್ ಮೆಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿ ನೋಂದಣಿಯಾಗಿತ್ತು. ಹೆಸರು ನೋಡಿ, "ಮೆಂಟೆನೆನ್ಸ್"! ಕಂಪ್ಯೂಟರ್ ತಯಾರಿಸಲಿಕ್ಕಲ್ಲ, ಮಾರಲಿಕ್ಕಲ್ಲ, ಕೆಟ್ಟದ್ದನ್ನು ಸರಿಮಾಡುವುದಕ್ಕೇ ಒಂದು ಸರ್ಕಾರಿ ಕಂಪನಿ. 1978ರ ಅಕ್ಟೋಬರ್ 1ರಂದು ಅದು ದೇಶದ ಎಂಟುನೂರಕ್ಕೂ ಹೆಚ್ಚು ಕಡೆಗಳಲ್ಲಿದ್ದ ಐಬಿಎಂ ಉಪಕರಣಗಳ ನಿರ್ವಹಣೆ ವಹಿಸಿಕೊಂಡಿತು. ಐಬಿಎಂ ಬಿಟ್ಟುಹೋದ ನಮ್ಮವರೇ ಆದ ಇಂಜಿನಿಯರುಗಳಲ್ಲಿ ಹಲವರು ಸಿಎಂಸಿ ಸೇರಿದರು. ಇನ್ನು ಕೆಲವರು ಸೇರಿ ಐಡಿಎಂ ಅಂತ ತಮ್ಮದೇ ಕಂಪನಿ ಕಟ್ಟಿದರು. ನಿನ್ನೆಯವರೆಗೆ ಯಾವ ಯಂತ್ರದ ಮುಚ್ಚಳ ತೆಗೆಯುತ್ತಿದ್ದರೋ ಇವತ್ತೂ ಅದೇ ಮುಚ್ಚಳ. ಕೊರಳಿಗೆ ಹಾಕಿಕೊಂಡ ಬಿಲ್ಲೆ ಮಾತ್ರ ಬೇರೆ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. 1401 ಯಾಕೆ ಬದುಕಿತು ಅನ್ನುವುದು ಅದರ ಹೊಟ್ಟೆಯೊಳಗೇ ಇದೆ. ಅದರ ಸರ್ಕ್ಯೂಟುಗಳು ಇಸ್ಪೀಟು ಎಲೆಗಿಂತ ತುಸು ದೊಡ್ಡದಾದ ಕಾರ್ಡುಗಳ ಮೇಲಿದ್ದವು. ಒಂದೊಂದು ಕಾರ್ಡಿನ ಮೇಲೆ ಕೆಲವೇ ಟ್ರಾನ್ಸಿಸ್ಟರು, ರೆಸಿಸ್ಟರು. ಇಂಥ ಕಾರ್ಡುಗಳನ್ನು ಸಾವಿರಗಟ್ಟಲೆ ಸಾಲಾಗಿ ಚುಚ್ಚಿ ಯಂತ್ರ ಕಟ್ಟಿದ್ದರು. ಕೆಟ್ಟ ಕಾರ್ಡು ಯಾವುದು ಅಂತ ಗೊತ್ತಾದರೆ ಕಿತ್ತು ಬೇರೆ ಚುಚ್ಚಿದರಾಯಿತು. ಬೇರೆ ಇಲ್ಲವೇ? ಆ ಕಾರ್ಡಿನ ಕೆಟ್ಟ ಟ್ರಾನ್ಸಿಸ್ಟರನ್ನೇ ಕಿತ್ತು ಇನ್ನೊಂದನ್ನು ಬೆಸುಗೆ ಹಾಕಬಹುದು. ಎಲ್ಲಕ್ಕಿಂತ ಮುಖ್ಯ, ಪ್ರತಿ ಯಂತ್ರದ ಜೊತೆ ಅದರ ಪೂರ್ತಿ ಸರ್ಕ್ಯೂಟ್ ನಕ್ಷೆಗಳು ದಪ್ಪ ದಪ್ಪ ಪುಸ್ತಕಗಳಾಗಿ ಬರುತ್ತಿದ್ದವು. ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಅನ್ನುವುದೆಲ್ಲ ಅಲ್ಲಿದೆ. ಆಸಿಲೋಸ್ಕೋಪು, ನಕ್ಷೆ ಮತ್ತು ತಾಳ್ಮೆ ಇದ್ದರೆ ಸಾಕು. ನಮ್ಮ ವೈಂಡಿಂಗ್ ಅಂಗಡಿಯವನನ್ನು ಆರು ತಿಂಗಳು ತರಬೇತಿಗೆ ಕೂರಿಸಿದ್ದರೆ ಅವನೂ ಮಾಡುತ್ತಿದ್ದ ಅಂತ ನನಗೆ ಅನ್ನಿಸುತ್ತದೆ.

ಇದು ಬರೀ ನನ್ನ ಉತ್ಸಾಹದ ಮಾತಲ್ಲ. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ನಿವೃತ್ತ ಇಂಜಿನಿಯರುಗಳು ಸೇರಿ ಎರಡು 1401 ಯಂತ್ರಗಳಿಗೆ ಜೀವ ಕೊಟ್ಟಿದ್ದಾರೆ. ನಲವತ್ತು ವರ್ಷ ದಾಟಿದ ಯಂತ್ರಗಳು! ಕಾರ್ಡು ಕಾರ್ಡು ಪರೀಕ್ಷೆ ಮಾಡಿ, ಸತ್ತ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಬದಲಿಸಿ, ಮತ್ತೆ ಓಡಿಸಿದರು. ಅಲ್ಲೂ ಕೈಹಿಡಿದದ್ದು ಆ ನಕ್ಷೆ ಪುಸ್ತಕಗಳೇ.

ಆದರೆ 360ರ ಸರಣಿ ಬರುವಾಗಲೇ ಗಾಳಿ ಬದಲಾಗಿತ್ತು. ಅದರಲ್ಲಿ ಸಣ್ಣ ಸಣ್ಣ ಬಿಡಿಭಾಗಗಳನ್ನು ಅರ್ಧ ಇಂಚಿನ ಲೋಹದ ಡಬ್ಬಿಯೊಳಗೆ ಮುಚ್ಚಿ ಸೀಲು ಮಾಡಿದ್ದರು. ಡಬ್ಬಿಯೊಳಗೆ ಕೆಟ್ಟರೆ ಬಿಚ್ಚಿ ಸರಿಮಾಡುವ ಹಾಗಿಲ್ಲ, ಡಬ್ಬಿಯನ್ನೇ ಬದಲಿಸಬೇಕು. ವೇಗ ಹೆಚ್ಚಿತು, ಗಾತ್ರ ಇಳಿಯಿತು, ದುರಸ್ತಿಯ ಕೈ ಒಂದು ಮೆಟ್ಟಿಲು ಹಿಂದೆ ಸರಿಯಿತು. ಅಲ್ಲಿಂದ ಇಲ್ಲಿಯವರೆಗೆ ಅದು ಹಿಂದೆ ಸರಿಯುತ್ತಲೇ ಬಂದಿದೆ.

ಸಿಎಂಸಿಯ ಮುಂದಿನ ಕಥೆ ಬೇಗ ಹೇಳಿಬಿಡುತ್ತೇನೆ. ಬೇರೆ ಬೇರೆ ದೇಶದ, ಬೇರೆ ಬೇರೆ ಕಂಪನಿಯ ಯಂತ್ರಗಳನ್ನೂ ನೋಡಿಕೊಳ್ಳತೊಡಗಿತು. ಹೀಗೆ ಎಲ್ಲ ಜಾತಿಯ ಯಂತ್ರಗಳ ಹೊಟ್ಟೆ ಬಗೆದು ನೋಡಿದ ಅನುಭವ ಬೇರೆ ಯಾರಿಗಿತ್ತು? 1984ರಲ್ಲಿ ಹೆಸರಿನಿಂದ "ಮೆಂಟೆನೆನ್ಸ್" ಬಿದ್ದುಹೋಗಿ ಬರೀ ಸಿಎಂಸಿ ಲಿಮಿಟೆಡ್ ಆಯಿತು. ರೈಲ್ವೆ ಟಿಕೆಟ್ ಕಾದಿರಿಸುವ ಗಣಕ ವ್ಯವಸ್ಥೆ ಮಾಡಿದ್ದು ಇವರೇ. 2001ರಲ್ಲಿ ಟಾಟಾ ಪಾಲಾಗಿ, 2015ರಲ್ಲಿ ಟಿಸಿಎಸ್‌ನಲ್ಲಿ ಲೀನವಾಯಿತು. ಐಬಿಎಂ 1992ರಲ್ಲಿ ಅದೇ ಟಾಟಾ ಜೊತೆ ಸೇರಿ ಬೆಂಗಳೂರಿಗೆ ವಾಪಸ್ ಬಂತು. ಇವತ್ತು ನಮ್ಮ ಐಟಿ ಕಥೆ ಹೇಳುವವರೆಲ್ಲ ಕೋಡ್ ಬರೆದವರಿಂದ ಶುರುಮಾಡುತ್ತಾರೆ. ಸ್ಕ್ರೂಡ್ರೈವರ್ ಹಿಡಿದವರಿಂದ ಶುರುಮಾಡಬೇಕು ಅನ್ನುವುದು ನನ್ನ ತಕರಾರು.

1980ರ ದಶಕದಲ್ಲಿ ವಿಪ್ರೋ, ಎಚ್‌ಸಿಎಲ್ ಮುಂತಾದವು ಇಲ್ಲೇ ಕಂಪ್ಯೂಟರು ಮಾಡಿ ಮಾರತೊಡಗಿದಾಗ "ಎಎಂಸಿ" ಅನ್ನುವ ಮೂರಕ್ಷರ ಕಚೇರಿಗಳಲ್ಲಿ ಮನೆಮಾತಾಯಿತು. ವಾರ್ಷಿಕ ನಿರ್ವಹಣಾ ಕರಾರು. ವಾರಂಟಿ ಮುಗಿದ ಮರುದಿನದಿಂದ ವರ್ಷಕ್ಕೆ ಇಂತಿಷ್ಟು ಕಟ್ಟಿದರೆ ಕಂಪನಿಯವನು ಬಂದು ನೋಡುತ್ತಾನೆ. ಬ್ಯಾಂಕು, ಸರ್ಕಾರಿ ಕಚೇರಿಗಳಿಗೆ ಇದು ಸರಿ. ಮನೆಯವರಿಗೆ, ಊರಿನ ಝೆರಾಕ್ಸ್ ಅಂಗಡಿಯವನಿಗೆ ಅಲ್ಲ.

ಮನೆಯವರಿಗೆ ಬಂದದ್ದು ಅಸೆಂಬಲ್ ಮಾಡಿದ ಪಿಸಿ. 1990ರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಮದರ್‌ಬೋರ್ಡು, ರ‍್ಯಾಮು, ಡಿಸ್ಕು, ಕ್ಯಾಬಿನೆಟ್ಟು ಅಂತ ಬೇರೆ ಬೇರೆ ಕೊಂಡು ಜೋಡಿಸುವುದು ಶುರುವಾಯಿತು. ಒಂದೊಂದು ಭಾಗಕ್ಕೂ ಒಂದೊಂದು ವಾರಂಟಿ. ತಿಂಗಳು ವರ್ಷ ಗೀಚಿದ ಬೆರಳುಗುರಿನಷ್ಟು ಸ್ಟಿಕ್ಕರು, ಅದು ಹರಿದರೆ ಮುಗಿಯಿತು. ಆದರೆ ಇದರಲ್ಲಿ ಒಂದು ದೊಡ್ಡ ಲಾಭ ಇತ್ತು. ಎಲ್ಲ ಭಾಗಗಳ ಅಳತೆ, ಕೊಂಡಿ ಎಲ್ಲ ಕಡೆ ಒಂದೇ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಿದರೆ ಸಾಕು. ರ‍್ಯಾಮಿನ ಕಾಲುಗಳನ್ನು ಶಾಲೆ ಹುಡುಗರ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಅರ್ಧ ರೋಗ ವಾಸಿ ಅನ್ನುವುದು ಈ ಕಾಲದ ಮನೆಮದ್ದು. ಈಗಲೂ ಡೆಸ್ಕ್‌ಟಾಪಿಗೆ ನಾನು ಫೋನಿನಲ್ಲಿ ಹೇಳುವ ಮೊದಲ ಔಷಧಿ ಅದೇ!

ಇದೇ ಕಾಲಕ್ಕೆ ಒಂದು ಪಿಡುಗು ಬಂತು. 1999ರ ಸುಮಾರಿಗೆ ಶುರುವಾಗಿ 2007ರವರೆಗೆ ಕಾಡಿದ ಕೆಪಾಸಿಟರ್ ಪಿಡುಗು. ಮದರ್‌ಬೋರ್ಡಿನ ಮೇಲೆ ಪ್ರೊಸೆಸರಿನ ಸುತ್ತ ಸಣ್ಣ ಡಬ್ಬಿಗಳು ನಿಂತಿರುತ್ತವಲ್ಲ, ನಮ್ಮ ಟಿವಿ ರಿಪೇರಿಯವರು ಕಂಡೆನ್ಸರ್ ಅನ್ನುವುದು ಅದಕ್ಕೇ. ಅದರೊಳಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ನಡುವೆ ಒಂದು ದ್ರವದಲ್ಲಿ ನೆನೆಸಿದ ಕಾಗದ ಇಟ್ಟಿರುತ್ತಾರೆ. ದ್ರವದಲ್ಲಿ ನೀರಿನ ಅಂಶ ಜಾಸ್ತಿ ಇದ್ದು, ಅಲ್ಯೂಮಿನಿಯಮ್ಮನ್ನು ಕಾಯುವ ರಾಸಾಯನಿಕ ಸರಿಯಾಗಿ ಬೆರೆಸಿರದಿದ್ದರೆ, ನೀರು ಲೋಹವನ್ನು ತಿನ್ನುತ್ತದೆ, ಹೈಡ್ರೋಜನ್ ಹುಟ್ಟುತ್ತದೆ, ಡಬ್ಬಿಯ ತಲೆ ಪೂರಿಯ ಹಾಗೆ ಉಬ್ಬುತ್ತದೆ, ಕೊನೆಗೆ ಒಡೆದು ಕಂದು ಬಣ್ಣದ ರಸ ಸೋರುತ್ತದೆ. ತೈವಾನಿನ ಹಲವು ಕಂಪನಿಗಳ ಕಂಡೆನ್ಸರುಗಳು ಹೀಗೆ ಉಬ್ಬಿದವು. ದ್ರವದ ಸೂತ್ರವನ್ನು ಯಾರೋ ಕದ್ದು, ಅರ್ಧಂಬರ್ಧ ನಕಲು ಮಾಡಿದ್ದರಿಂದ ಹೀಗಾಯಿತು ಅಂತ ಒಂದು ಕಥೆ ಲೋಕವೆಲ್ಲ ಹರಡಿತ್ತು. ಕಥೆ ರುಚಿಯಾಗಿದೆ, ನಿಜ. ಆದರೆ ಅಷ್ಟು ವರ್ಷ, ಅಷ್ಟು ಕಂಪನಿಗಳ ಮಾಲು ಕೆಟ್ಟದ್ದನ್ನು ಒಬ್ಬ ಕಳ್ಳನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇದರ ಕ್ರೂರ ಭಾಗ ಏನು ಅಂದರೆ, ಇವು ಕೊಂಡ ದಿನವೇ ಉಬ್ಬುತ್ತಿರಲಿಲ್ಲ. ಎಷ್ಟೋ ಸಲ ಒಂದೆರಡು ವರ್ಷ ಚೆನ್ನಾಗಿ ಓಡಿ ಆಮೇಲೆ ಉಬ್ಬುತ್ತಿದ್ದವು, ಅಷ್ಟರಲ್ಲಿ ವಾರಂಟಿ ಮುಗಿದಿರುತ್ತಿತ್ತು. ಗಿರಾಕಿಗೆ ಸಿಗುವ ಉತ್ತರ "ಹಳೇದಾಯ್ತು ಸಾರ್, ಹೊಸದು ತಗೊಳ್ಳಿ". ತಪ್ಪು ಕಾರ್ಖಾನೆಯದು, ದಂಡ ಗಿರಾಕಿಯದು. ಡೆಲ್ ಕಂಪನಿಯ ಪ್ರಕರಣ ನೋಡಿ. 2003ರ ಮೇಯಿಂದ 2005ರ ಜುಲೈವರೆಗೆ ಇಂಥ ದೋಷದ ಅಪಾಯವಿದ್ದ ಕನಿಷ್ಠ 1.18 ಕೋಟಿ ಕಂಪ್ಯೂಟರುಗಳನ್ನು ಅದು ಸಾಗಿಸಿತ್ತು ಅನ್ನುವುದು 2010ರಲ್ಲಿ ಅಮೆರಿಕದ ಒಂದು ಕೋರ್ಟಿನ ದಾಖಲೆಗಳು ಬಯಲಾದಾಗ ಜಗತ್ತಿಗೆ ಗೊತ್ತಾಯಿತು. ಈ ತೊಂದರೆಗಾಗಿ ಡೆಲ್ 2005ರಲ್ಲೇ 30 ಕೋಟಿ ಡಾಲರ್ ತೆಗೆದಿರಿಸಿತ್ತು. ಆ ಮಾದರಿಗಳ ವಾರಂಟಿಯನ್ನು 2008ರ ಜನವರಿವರೆಗೆ ವಿಸ್ತರಿಸಿಯೂ ಇತ್ತು. ವಿಸ್ತರಿಸಿದ್ದು ಎಷ್ಟು ಜನ ಗಿರಾಕಿಗಳ ಕಿವಿಗೆ ಬಿತ್ತೋ, ಅದು ಬೇರೆ ಮಾತು.

ಹಾಗಾಗಿ ನನ್ನ ಹತ್ತಿರ ಸತ್ತ ಯಂತ್ರದ ಸುದ್ದಿ ಬಂದರೆ ಮೊದಲು ಮಾಡುವ ಕೆಲಸ, ಆ ಮಾದರಿಯ ಹೆಸರಿನ ಜೊತೆ "ವಿಸ್ತರಿಸಿದ ವಾರಂಟಿ" ಅಥವಾ "ವಾಪಸ್ ಕರೆದದ್ದು" ಅಂತ ಇದೆಯಾ ಹುಡುಕುವುದು. ಕಂಪನಿ ತಾನೇ ಒಪ್ಪಿಕೊಂಡ ದೋಷಕ್ಕೆ ಬಿಲ್ಲಿನ ದಿನಾಂಕ ಅಡ್ಡಬಾರದಿರಬಹುದು. ಇನ್ನೊಂದು, ಕಂಪ್ಯೂಟರಿನ ವಾರಂಟಿ ಮುಗಿದರೂ, ಆಮೇಲೆ ಬೇರೆಯಾಗಿ ಕೊಂಡು ಹಾಕಿಸಿದ ರ‍್ಯಾಮು, ಡಿಸ್ಕುಗಳಿಗೆ ಅವುಗಳದೇ ವಾರಂಟಿ ಇನ್ನೂ ಇರಬಹುದು. ಬಿಲ್ಲಿನ ಫೋಟೋ ತೆಗೆದಿಡಿ. ಉಷ್ಣಕ್ಕೆ ಅಕ್ಷರ ಮೂಡುವ ಆ ತೆಳು ಕಾಗದದ ಬಿಲ್ಲು ವಾರಂಟಿಗಿಂತ ಮೊದಲೇ ಅಳಿಸಿಹೋಗುತ್ತದೆ.

ಕಂಡೆನ್ಸರ್ ಪಿಡುಗಿನಲ್ಲಿ ನಮ್ಮ ಸಣ್ಣ ಊರುಗಳು ಬದುಕಿದ್ದು ಹೇಗೆ ಗೊತ್ತೇ? ರೇಡಿಯೋ, ಟಿವಿ ರಿಪೇರಿಯವರಿಂದ. ಅವರಿಗೆ ಕಂಪ್ಯೂಟರ್ ಆನ್ ಮಾಡಲು ಬರದಿದ್ದರೂ ಉಬ್ಬಿದ ಕಂಡೆನ್ಸರು ಅಂದರೆ ಏನು ಅಂತ ಗೊತ್ತಿತ್ತು. ಕೆಲವೇ ರೂಪಾಯಿಯ ಬಿಡಿಭಾಗ, ಅರ್ಧ ಗಂಟೆಯ ಬೆಸುಗೆ. ಎಸೆಯಬೇಕಿದ್ದ ಮದರ್‌ಬೋರ್ಡು ಎದ್ದು ಕೂರುತ್ತಿತ್ತು. ಸಂಕೇಶ್ವರದಲ್ಲಿ ನನಗೆ ಪರಿಚಯದ ಒಬ್ಬರು ಹೀಗೇ ಟಿವಿಯಿಂದ ಕಂಪ್ಯೂಟರಿಗೆ ಬಂದವರು. "ಕಂಪ್ಯೂಟರ ಅಂದ್ರ ಏನ್ ದೊಡ್ಡದ ಐತ್ರಿ, ಚಿತ್ರ ಬರೂ ಟಿವಿನೂ ಅದ, ಇದೂ ಅದ. ಓಲ್ಟೇಜ ಎಲ್ಲಿ ತಪ್ಪೇತಿ ಹುಡುಕೂದ ಅಷ್ಟ" ಅಂತಾರೆ. ನಾಲ್ಕು ವರ್ಷದ ಇಂಜಿನಿಯರಿಂಗ್ ಒಂದು ಸಾಲಿನಲ್ಲಿ :)

2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಲೆಕ್ಕಕ್ಕಿಂತ ಹೆಚ್ಚು ಕೆಡುತ್ತಿವೆ ಅಂತ ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಕಾದು ಆರಿ, ಕಾದು ಆರಿ ಚಿಪ್ಪಿನೊಳಗಿನ ಬೆಸುಗೆಗಳು ಬಿರಿಯುತ್ತಿದ್ದವು. ಇಲ್ಲಿಂದಲೇ ನಮ್ಮ ರಿಪೇರಿ ಅಂಗಡಿಗಳಲ್ಲಿ ಬಿಸಿಗಾಳಿ ಊದುವ ಗನ್ನಿನ ವೈದ್ಯ ಜೋರಾಯಿತು. ಚಿಪ್ಪನ್ನು ಚೆನ್ನಾಗಿ ಕಾಯಿಸಿದರೆ ಯಂತ್ರ ಎದ್ದೇಳುತ್ತದೆ, ನಿಜ. ಕೆಲವು ವಾರ ಅಷ್ಟೇ. ಆಮೇಲೆ ಮತ್ತೆ ಮಲಗುತ್ತದೆ. ಇದನ್ನು ರಿಪೇರಿ ಅನ್ನುವುದು ತಪ್ಪು. ಹಾಗೆ ಎದ್ದ ಯಂತ್ರದಿಂದ ಫೈಲುಗಳನ್ನು ತೆಗೆದುಕೊಳ್ಳಿ, ಯಾರಿಗೂ ಮಾರಬೇಡಿ.

ಫೈಲು ಅಂದ ಮೇಲೆ ಡಿಸ್ಕಿನ ಮಾತು. 2007ರಲ್ಲಿ ಗೂಗಲ್‌ನವರು ತಮ್ಮ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಮೊದಲ ವರ್ಷದ ಡಿಸ್ಕುಗಳಲ್ಲಿ ವರ್ಷಕ್ಕೆ ಶೇ. 1.7 ಕೆಟ್ಟರೆ, ಮೂರು ವರ್ಷದವುಗಳಲ್ಲಿ ಶೇ. 8.6ಕ್ಕೂ ಹೆಚ್ಚು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದು ಓದಿ. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಡಿಸ್ಕು ಕಾರ್ಖಾನೆಗಳು ಮುಳುಗಿದವು. ಆ ವರ್ಷದ ಕೊನೆಗೆ ಸೀಗೇಟ್ ತನ್ನ ಕೆಲವು ಸಾಮಾನ್ಯ ಡಿಸ್ಕುಗಳ ವಾರಂಟಿಯನ್ನು ಒಂದು ವರ್ಷಕ್ಕೆ ಇಳಿಸಿತು. ವೆಸ್ಟರ್ನ್ ಡಿಜಿಟಲ್ ಮೂರಿದ್ದದ್ದನ್ನು ಎರಡಕ್ಕೆ ತಂದಿತು. ಡಿಸ್ಕು ಅದೇ, ದಿನಾಂಕ ಮಾತ್ರ ಹತ್ತಿರ ಬಂತು. ಇನ್ನೂ ಒಂದು ವಿಷಯ, ವಾರಂಟಿ ಇದ್ದರೂ ಕಂಪನಿ ಕೊಡುವುದು ಡಿಸ್ಕನ್ನು. ಅದರೊಳಗಿದ್ದ ನಿಮ್ಮ ಮದುವೆ ಫೋಟೋವನ್ನಲ್ಲ.

ಕನ್ನಡದವರಿಗೆ ಇದರಲ್ಲಿ ಬೇರೆಯೇ ಒಂದು ನೋವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಯಂತ್ರದೊಳಗೆ ಒಂದು ಕಾರ್ಡನ್ನೇ ಚುಚ್ಚಬೇಕಿತ್ತು, ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡು. ಮದರ್‌ಬೋರ್ಡುಗಳಲ್ಲಿ ಅದು ಕೂರುವ ಹಳೇ ಸ್ಲಾಟು ಮಾಯವಾದಾಗ ಆ ಕಾರ್ಡು ಕೆಡದೇ ಇದ್ದರೂ ಕೆಲಸಕ್ಕೆ ಬಾರದಾಯಿತು. ಆಮೇಲೆ ಬಂದ ಡಿಟಿಪಿ ತಂತ್ರಾಂಶಗಳಲ್ಲಿ ಕೆಲವಕ್ಕೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೀಗ ಬೇಕು. ಬೀಗ ಕೆಟ್ಟರೆ ತಂತ್ರಾಂಶ ತೆರೆಯದು, ತಂತ್ರಾಂಶ ತೆರೆಯದಿದ್ದರೆ ಅದರ ಅಕ್ಷರಗಳಲ್ಲಿ ಬರೆದ ಪುಸ್ತಕ ಬರೀ ಚಿತ್ರವಿಚಿತ್ರ ಗುರುತು. ಎಷ್ಟು ಸಣ್ಣ ಮುದ್ರಣಾಲಯಗಳ ಅಟ್ಟದ ಮೇಲೆ ಹೀಗೆ ಕನ್ನಡ ಬೀಗ ಹಾಕಿಕೊಂಡು ಕೂತಿದೆಯೋ! ನಮ್ಮ ಬರಹಗಳು ಯೂನಿಕೋಡಿನಲ್ಲಿ ಇರುವುದರ ನಿಜವಾದ ಲಾಭ ಇದು. ಯಾವ ಯಂತ್ರ ಸತ್ತರೂ ಬೇರೆ ಯಂತ್ರ ಓದುತ್ತದೆ. ಇಂಥ ಬೀಗ ಹಾಕಿದ ಯಂತ್ರ ಇನ್ನೂ ಉಸಿರಾಡುತ್ತಿದ್ದರೆ ಇವತ್ತೇ ಅದರಲ್ಲಿನ ಬರಹಗಳನ್ನು ಪರಿವರ್ತಿಸಿ ಹೊರಗೆ ತೆಗೆಯಿರಿ.

ಶಾಲೆಗಳ ವಿಷಯವೂ ಹೀಗೇ. 2004ರ ಕೊನೆಗೆ ಕೇಂದ್ರದ ಐಸಿಟಿ ಯೋಜನೆ ಬಂದಾಗ, ಕಂಪನಿಯೇ ಕಂಪ್ಯೂಟರ್ ತಂದು ಕೆಲವು ವರ್ಷ ನಡೆಸಿ ಆಮೇಲೆ ಶಾಲೆಗೆ ಬಿಟ್ಟುಕೊಡುವ ಪದ್ಧತಿ ನಮ್ಮ ರಾಜ್ಯದಲ್ಲೂ ಇತ್ತು. ಬಿಟ್ಟುಕೊಡುವ ದಿನವೇ ವಾರಂಟಿ ಮುಗಿದ ದಿನ. ಮುಂದೆ? ನಾನು ಓದಿದ ಹೈಸ್ಕೂಲಿನಲ್ಲಿ ಆ ಕೋಣೆಗೆ ಬೀಗ, ಕಂಪ್ಯೂಟರಿಗೆ ಹೂವಿನ ಚಿತ್ತಾರದ ಬಟ್ಟೆ. ನಾವು ಕಿಟಕಿಯಿಂದ ನೋಡಿ ಬರುತ್ತಿದ್ದೆವು. ಒಳಗೆ ಯಾವುದಕ್ಕೆ ಏನಾಗಿತ್ತೋ, ಬಹುಶಃ ಪ್ರತಿಯೊಂದಕ್ಕೂ ಸಣ್ಣದೇನೋ ಆಗಿತ್ತು. 1978ರಲ್ಲಿ ಐಬಿಎಂ ಹೋಗುವ ಮೊದಲೇ ಸರ್ಕಾರ ರಿಪೇರಿಗೆ ಒಂದು ಸಂಸ್ಥೆ ಮಾಡಿಟ್ಟುಕೊಂಡಿತ್ತು. ಶಾಲೆಗೆ ಆ ಬುದ್ಧಿ ಬರಲಿಲ್ಲ. ಈಗ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಬರುತ್ತಿದೆ. 2022ರಲ್ಲಿ ಕೇಂದ್ರ ಇದಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಮ್ಮ ಕಡೆ ರೈತನ ಬೆಳೆಸಾಲದ ಲೆಕ್ಕ ಇರುವುದೇ ಈ ಸೊಸೈಟಿಗಳಲ್ಲಿ. ಆ ಯಂತ್ರಗಳಿಗೂ ಒಂದು ದಿನ ಹದಿಮೂರನೇ ತಿಂಗಳು ಬರುತ್ತದೆ.

ಇತ್ತ ಯಂತ್ರಗಳು ಇನ್ನಷ್ಟು ಬಾಯಿಮುಚ್ಚಿಕೊಂಡಿವೆ. 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೇ ರ‍್ಯಾಮನ್ನು ಬೋರ್ಡಿಗೆ ಬೆಸೆದಿದ್ದರು, ಆಮೇಲೆ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಅದೇ ಚಾಳಿಯಾಯಿತು. ಎಷ್ಟೋ ಮಾದರಿಗಳಲ್ಲಿ ಡಿಸ್ಕೂ ಬೋರ್ಡಿನ ಮೇಲೆಯೇ. ರಬ್ಬರಿನಿಂದ ಉಜ್ಜಲು ಏನೂ ಇಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿಗಾಗಿ ಸಮಿತಿ ಮಾಡಿತು, ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ಬಂತು. ಕಂಪನಿಗಳ ಕೈಪಿಡಿ, ಸೇವಾಕೇಂದ್ರ, ವಾರಂಟಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಒಳ್ಳೆಯದೇ. ಆದರೆ ಮದರ್‌ಬೋರ್ಡಿನ ನಕ್ಷೆ ಕೊಡಲೇಬೇಕು ಅಂತ ಯಾರ ಕೈಯನ್ನೂ ಕಟ್ಟುವ ಕಾನೂನು ಅದಲ್ಲ. ಹಾಗಾದರೆ ಸಂಕೇಶ್ವರದ ನಮ್ಮ ರಿಪೇರಿಯವರು ಇವತ್ತು ನಕ್ಷೆ ಎಲ್ಲಿಂದ ತರುತ್ತಾರೆ? ಟೆಲಿಗ್ರಾಂನಿಂದ. ಎಲ್ಲೋ ಯಾವುದೋ ಕಾರ್ಖಾನೆಯಿಂದ ಸೋರಿದ ಫೈಲು, ಕೈಯಿಂದ ಕೈಗೆ ದಾಟಿ ಅವರ ಪೆನ್‌ಡ್ರೈವಿಗೆ ಬರುತ್ತದೆ. 1401ರ ಜೊತೆ ರಾಜಾರೋಷವಾಗಿ ಬರುತ್ತಿದ್ದ ಅದೇ ಪುಸ್ತಕ, ಈಗ ಕದ್ದ ಮಾಲಿನ ಹಾಗೆ.

ಅಂದ ಹಾಗೆ, ನಿಮ್ಮ ಮನೆಯಲ್ಲೋ ನೆಂಟರಲ್ಲೋ ಸಿಎಂಸಿಯಲ್ಲಿ, ಐಡಿಎಂನಲ್ಲಿ ಫೀಲ್ಡ್ ಇಂಜಿನಿಯರ್ ಆಗಿದ್ದವರು ಇದ್ದರೆ ದಯವಿಟ್ಟು ಅವರನ್ನು ಮಾತಿಗೆ ಕೂರಿಸಿ, ಬರೆದುಕೊಳ್ಳಿ. 1978ರಲ್ಲಿ ಇಪ್ಪತ್ತೈದು ಇದ್ದವರಿಗೆ ಈಗ ಎಪ್ಪತ್ತು ದಾಟಿದೆ. ಬೆಂಗಳೂರಿನಲ್ಲಿ ಯಾವ ಯಂತ್ರ ಎಷ್ಟು ವರ್ಷ ಓಡಿತು, ಬಿಡಿಭಾಗ ಸಿಗದಾಗ ಏನು ಮಾಡಿದರು, ಕಾರ್ಡನ್ನು ರೈಲಿನಲ್ಲಿ ತರುತ್ತಿದ್ದರೋ ಬಸ್ಸಿನಲ್ಲೋ ಅನ್ನುವುದೆಲ್ಲ ಅವರ ತಲೆಯಲ್ಲಿ ಮಾತ್ರ ಇದೆ. ಹಾಗೇ ನಿಮ್ಮ ಊರಿನ ವೈಂಡಿಂಗ್ ಅಂಗಡಿಯವನ ಆ ಡೈರಿಯದೂ ಒಂದು ಫೋಟೋ ತೆಗೆಯಿರಿ. ನಾನು ಈ ಸಲ ಊರಿಗೆ ಹೋದಾಗ ತೆಗೆಯಲಿದ್ದೇನೆ.